ಹಳೆಯ ಅನಿಲ ಸಿಲಿಂಡರು ಬರಿದಾಗುವುದುಂಟೆ?

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವ ದೂರ ಸುಮಾರು 14 ಕಿಲೋಮೀಟರು. ಈ ಹಾದಿಯ ಎರಡು ಕೊನೆಗಳಲ್ಲಿಯೂ ಕಬ್ಬಿಣದ ಕಸುಬು ಬಹುಕಾಲದಿಂದ ಬೇರೂರಿದೆ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದವು. ದಾವಣಗೆರೆಯ ಹತ್ತಿಯ ಗಿರಣಿಗಳು ಒಂದು ಕಾಲದಲ್ಲಿ ಆ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದುಕೊಟ್ಟಿದ್ದವು. ಆ ಕಾರ್ಖಾನೆಯೂ ಆ ಗಿರಣಿಗಳಲ್ಲಿ ಹೆಚ್ಚಿನವೂ ಇಂದು ಮುಚ್ಚಿಹೋಗಿವೆ. ಆದರೆ ಕಬ್ಬಿಣವನ್ನು ಕೊಯ್ಯಬಲ್ಲ, ಬೆಸೆಯಬಲ್ಲ ಕೈಗಳು ಎಲ್ಲಿಯೂ ಹೋಗಿಲ್ಲ. ಸಣ್ಣಪುಟ್ಟ ವೆಲ್ಡಿಂಗ್ ಅಂಗಡಿಗಳು, ಅವುಗಳಿಗೆ ಒತ್ತಿಕೊಂಡಂತೆ ಗುಜರಿ ಅಂಗಡಿಗಳು ಎರಡೂ ಊರುಗಳಲ್ಲಿ ಕಾಣಸಿಗುತ್ತವೆ.

ಅಂಥ ಒಂದು ಗುಜರಿ ಅಂಗಡಿಗೆ ನಾವು ಹಳೆಯ ಬಾಗಿಲ ಚಿಲಕವೊಂದನ್ನು ಹುಡುಕಿಕೊಂಡು ಹೋಗಿದ್ದೆವು. ಮುರಿದ ಸೈಕಲ್ಲು, ತುಕ್ಕು ಹಿಡಿದ ಕಿಟಕಿಯ ಸರಳು, ತಳ ಹೋದ ಕೊಡಗಳ ರಾಶಿಯ ಪಕ್ಕದಲ್ಲಿ ಅಡಿಗೆಮನೆಯ ಅನಿಲ ಸಿಲಿಂಡರೊಂದು ನಿಂತಿತ್ತು. ಬಣ್ಣ ಮಾಸಿ ಕಂದಾಗಿದ್ದ ಅದರ ಮೇಲೆ ಅಂಗಡಿಯ ಹುಡುಗ ಕುಳಿತು ಚಹಾ ಕುಡಿಯುತ್ತಿದ್ದ. ಹತ್ತಿರ ಹೋದಾಗ ಕೊಳೆತ ಈರುಳ್ಳಿಯ ವಾಸನೆಯಂಥದು ಮೂಗಿಗೆ ಬಡಿಯಿತು. ಇದರಲ್ಲಿ ಏನಿದೆಯೆಂದು ಕೇಳಿದ್ದಕ್ಕೆ ಮಾಲೀಕರು ನಕ್ಕು, “ಏನಿಲ್ರಿ, ಖಾಲಿ ಐತ್ರಿ. ವಾಸನಿ ಹಂಗೇ ಇರತೈತಿ” ಎಂದರು. ಯಾರೋ ಮನೆ ಖಾಲಿಮಾಡುವಾಗ ಅಟ್ಟದಿಂದ ಇಳಿಸಿ ಕೊಟ್ಟುಹೋದದ್ದಂತೆ. ಸಂಜೆಗೆ ಗ್ಯಾಸ್ ಕಟ್ಟರಿನಿಂದ ಅದನ್ನು ಎರಡು ಹೋಳು ಮಾಡಿಸುವುದೆಂದು ಗೊತ್ತಾಗಿತ್ತು.

ಗುಜರಿ ಅಂಗಡಿಯಲ್ಲಿ ತಕ್ಕಡಿಗೇನು ಬರವೆ? ಸಿಲಿಂಡರನ್ನು ತೂಗಬೇಕೆಂದು ನಾವು ಬೇಡಿಕೊಂಡೆವು. ಪ್ರತಿಯೊಂದು ಸಿಲಿಂಡರಿನ ಕತ್ತಿನ ಬಳಿ ಅದರ ಬರಿ ತೂಕವನ್ನು ಬರೆದಿರುತ್ತಾರೆ. ಈ ಸಿಲಿಂಡರಿನಲ್ಲಿ 15.9 ಕಿಲೋಗ್ರಾಮ್ ಎಂದಿತ್ತು. ತಕ್ಕಡಿ ತೋರಿಸಿದ್ದು 16.4 ಕಿಲೋಗ್ರಾಮ್. ‘ಖಾಲಿ’ಯಾದ ಆ ಪಾತ್ರೆಯೊಳಗೆ ಅರ್ಧ ಕಿಲೋಗ್ರಾಮಿನಷ್ಟು ಏನೋ ಕುಳಿತಿತ್ತು. ಅದೇನು, ಅಷ್ಟು ದಿನ ಅಟ್ಟದ ಮೇಲೆ ಅದು ಹೇಗೆ ಉಳಿಯಿತು, ಸಂಜೆಯ ಕಟ್ಟರಿನ ಬೆಂಕಿ ಅದಕ್ಕೆ ತಗುಲಿದ್ದರೆ ಏನಾಗುತ್ತಿತ್ತು ಎಂಬುದನ್ನು ವಾಚಕರೊಡನೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ನಮ್ಮ ಅಡಿಗೆಯ ಅನಿಲ ಒಂದೇ ವಸ್ತುವಲ್ಲ. ಅದು ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಪ್ರೋಪೇನಿನ ಒಂದು ಅಣುವಿನಲ್ಲಿ ಇಂಗಾಲದ ಮೂರು ಪರಮಾಣುಗಳೂ ಜಲಜನಕದ ಎಂಟು ಪರಮಾಣುಗಳೂ ಉಂಟು; ಬ್ಯುಟೇನಿನಲ್ಲಿ ಇಂಗಾಲ ನಾಲ್ಕು, ಜಲಜನಕ ಹತ್ತು. ಪ್ರೋಪೇನ್ ಇಂಧನವೆಂದು ಮನುಷ್ಯನ ಗಮನಕ್ಕೆ ಬಂದದ್ದು ತಪ್ಪಿಸಿಕೊಂಡು ಓಡುವ ವಸ್ತುವಾಗಿ ಎಂಬುದು ಸ್ವಾರಸ್ಯದ ಸಂಗತಿ. 1910ರಲ್ಲಿ ಅಮೆರಿಕದಲ್ಲಿ, ಕೊಂಡ ಪೆಟ್ರೋಲು ಆವಿಯಾಗಿ ನಷ್ಟವಾಗುತ್ತಿದೆಯೆಂಬ ದೂರನ್ನು ಪರಿಶೀಲಿಸುತ್ತಿದ್ದ ವಾಲ್ಟರ್ ಸ್ನೆಲಿಂಗ್ ಎಂಬ ರಸಾಯನ ವಿಜ್ಞಾನಿ, ಹಾಗೆ ಹಾರಿಹೋಗುತ್ತಿದ್ದ ಅನಿಲಗಳಲ್ಲಿ ಪ್ರೋಪೇನನ್ನು ಗುರುತಿಸಿದನು. ಓಡಿಹೋಗುವುದನ್ನು ಹಿಡಿದು ಉಕ್ಕಿನ ಪಾತ್ರೆಯಲ್ಲಿ ಕೂಡಿಹಾಕಿದರೆ ಉತ್ತಮ ಇಂಧನವಾಗುವುದೆಂದು ಅವನಿಗೆ ಹೊಳೆಯಿತು. ಆ ಓಡುವ ಗುಣ ಮಾತ್ರ ಇಂದಿಗೂ ಅದನ್ನು ಬಿಟ್ಟಿಲ್ಲ.

ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದಷ್ಟೆ. ಪ್ರೋಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಬ್ಯುಟೇನ್ ಹೆಚ್ಚು ಕಡಿಮೆ ಸೊನ್ನೆಯಲ್ಲಿಯೇ. ಅಂದಮೇಲೆ ದಾವಣಗೆರೆಯ ಬಿಸಿಲಿನಲ್ಲಿ ತೆರೆದ ಪಾತ್ರೆಗೆ ಸುರಿದರೆ ಎರಡೂ ಕ್ಷಣಮಾತ್ರದಲ್ಲಿ ಕುದಿದು ಹಾರಿಹೋಗಬೇಕು. ಮುಚ್ಚಿದ ಉಕ್ಕಿನ ಪಾತ್ರೆಯೊಳಗೆ ಹಾಗೆ ಹಾರಲು ಎಡೆಯಿಲ್ಲ. ಸ್ವಲ್ಪ ದ್ರವ ಆವಿಯಾಗಿ ಮೇಲಿನ ಜಾಗವನ್ನು ತುಂಬಿ, ತನ್ನ ಒತ್ತಡದಿಂದಲೇ ಉಳಿದ ದ್ರವವನ್ನು ಕುದಿಯದಂತೆ ಅದುಮಿ ಹಿಡಿಯುತ್ತದೆ. 30 ಡಿಗ್ರಿಯ ಉಷ್ಣತೆಯಲ್ಲಿ ಶುದ್ಧ ಪ್ರೋಪೇನಿನ ಈ ಒತ್ತಡ ವಾಯುಮಂಡಲದ ಒತ್ತಡದ ಹತ್ತು ಪಟ್ಟಿಗೂ ಮಿಗಿಲು. ಬ್ಯುಟೇನಿನದು ಮೂರು ಪಟ್ಟಿಗೆ ಸಮೀಪ. ಮಿಶ್ರಣದ ಒತ್ತಡ ಇವೆರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಈ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ದ್ರವದ ಪ್ರಮಾಣವಲ್ಲ. ಒಂದೇ ಮಿಶ್ರಣವಾದರೆ, ಸಿಲಿಂಡರಿನಲ್ಲಿ ಹದಿನಾಲ್ಕು ಕಿಲೋಗ್ರಾಮ್ ದ್ರವವಿರಲಿ, ಒಂದು ಬಟ್ಟಲಿನಷ್ಟಿರಲಿ, ಒತ್ತಡ ಅದೇ. ಆದ್ದರಿಂದ ‘ಬಹುಪಾಲು ಮುಗಿದಿದೆ, ಇನ್ನು ಜೋರಿಲ್ಲ’ ಎಂಬ ತರ್ಕ ನಿಲ್ಲುವುದಿಲ್ಲ. ಆದರೆ ಒಲೆ ಮಂಕಾಗುವುದೇಕೆ? ಬೇಗನೆ ಕುದಿಯುವ ಪ್ರೋಪೇನ್ ಮೊದಮೊದಲಿಗೆ ಹೆಚ್ಚಾಗಿ ಹೊರಬೀಳುವುದರಿಂದ ಕೊನೆಗೆ ತಳದಲ್ಲಿ ಉಳಿಯುವುದು ಬಹುಮಟ್ಟಿಗೆ ಬ್ಯುಟೇನ್. ಮೇಲಾಗಿ, ದ್ರವ ಆವಿಯಾಗುವಾಗ ತನ್ನ ಶಾಖವನ್ನೇ ಕಳೆದುಕೊಂಡು ತಣ್ಣಗಾಗುತ್ತದೆ. ಮಾರ್ಗಶಿರದ ಮುಂಜಾನೆ ಹೋಟೆಲಿನ ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರಿನಲ್ಲಿ ಈ ಎರಡೂ ಕಾರಣಗಳು ಕೂಡಿ ಉರಿ ಸಣ್ಣಗಾಗುತ್ತದೆ. ‘ಮುಗಿಯಿತು’ ಎಂದು ಮೂಲೆಗೆ ತಳ್ಳಿದ ಅದೇ ಸಿಲಿಂಡರು ನಡುಹಗಲ ಹೊತ್ತಿಗೆ ಮತ್ತೆ ಚೇತರಿಸಿಕೊಂಡಿರುತ್ತದೆ. ಕೆಲವರು ಈ ಉಳಿಕೆಯನ್ನು ಬಿಡಲಾರದೆ ಸಿಲಿಂಡರನ್ನು ಬಿಸಿನೀರಿನ ಬಾನಿಯಲ್ಲಿ ಇಡುವುದನ್ನೂ ಅಡ್ಡ ಮಲಗಿಸುವುದನ್ನೂ ನಾವು ಕಂಡಿದ್ದೇವೆ. ಅಡ್ಡ ಮಲಗಿಸಿದರೆ ಆವಿಗೆ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಂದು ಲೀಟರು ದ್ರವ ಸುಮಾರು 250 ಲೀಟರು ಅನಿಲವಾಗುವುದೆಂಬುದನ್ನು ನೆನೆದರೆ ಇದರ ಪರಿಣಾಮವನ್ನು ಊಹಿಸಬಹುದು.

ಮನೆಬಳಕೆಯ ಸಿಲಿಂಡರಿನ ಒಳಗಿನ ಅವಕಾಶ ಸುಮಾರು 33 ಲೀಟರು. ಅದರಲ್ಲಿ ತುಂಬುವ 14.2 ಕಿಲೋಗ್ರಾಮ್ ದ್ರವ ಇದರ ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ಆಕ್ರಮಿಸುತ್ತದೆ. ಬಿಸಿಲಿಗೆ ದ್ರವ ಹಿಗ್ಗಿದರೆ ಇರಲೆಂದು ಉಳಿದ ಪಾಲನ್ನು ಬೇಕೆಂದೇ ಬಿಡುತ್ತಾರೆ. ದ್ರವವೆಲ್ಲ ತೀರಿದ ಮೇಲೂ ಈ 33 ಲೀಟರು ಅವಕಾಶ ಆವಿಯಿಂದಲೇ ತುಂಬಿರುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ಹರಿವು ನಿಲ್ಲುವುದು. ಆಗಲೂ ಸುಮಾರು 70 ಗ್ರಾಮ್ ಅನಿಲ ಒಳಗೇ ಉಳಿಯುತ್ತದೆ. ಒಲೆಯ ಮೂಲಕ ಅದನ್ನು ಹೊರಗೆಳೆಯುವ ಉಪಾಯವಿಲ್ಲ. ಗುಜರಿ ಅಂಗಡಿಯ ಸಿಲಿಂಡರಿನಲ್ಲಿದ್ದ ಅರ್ಧ ಕಿಲೋಗ್ರಾಮಿನಿಂದಲಾದರೋ ಸುಮಾರು 230 ಲೀಟರು ಅನಿಲ ಹೊರಡಬಲ್ಲುದು. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಸುಮಾರು ಎರಡು ಪಾಲು ಬೆರೆತರೆ ಸಾಕು, ಮಿಶ್ರಣ ಹೊತ್ತಿಕೊಳ್ಳಬಲ್ಲುದು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯನ್ನು ನಾಲ್ಕು ಅಡಿ ಎತ್ತರದವರೆಗೆ ಅಂಥ ಮಿಶ್ರಣದಿಂದ ತುಂಬಲು 230 ಲೀಟರು ಸಾಲುತ್ತದೆ.

ನಾಲ್ಕು ಅಡಿ ಎತ್ತರದವರೆಗೆ ಎಂದು ನಾವು ಸುಮ್ಮನೆ ಹೇಳಲಿಲ್ಲ. ಈ ಅನಿಲ ಸೀಮೆಎಣ್ಣೆಯ ಹೊಗೆಯಂತೆ ಮೇಲಕ್ಕೇರಿ ಕಿಟಕಿಯಿಂದ ಹೊರಟುಹೋಗುವುದಿಲ್ಲ. ನಮ್ಮ ಸೀಮೆಯ ಹಿರಿಯರು ಹಗೇವನ್ನು ಮರೆತಿರಲಾರರು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ, ಕಾಳಿನ ಉಸಿರಾಟದಿಂದ ಹುಟ್ಟಿದ ಇಂಗಾಲಾಮ್ಲ ವಾಯು, ಎಂದರೆ ಈಗಿನ ಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅನಿಲ, ತಳದಲ್ಲಿ ಮಡುಗಟ್ಟಿ ನಿಲ್ಲುತ್ತಿತ್ತು. ತಿಳಿಯದೆ ಇಳಿದವನು ಮೇಲೆ ಬರುತ್ತಿರಲಿಲ್ಲ. ಅದಕ್ಕಾಗಿ ಮೊದಲು ಒಂದು ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು ವಾಡಿಕೆ. ಇಂಗಾಲಾಮ್ಲದ ಅಣುವನ್ನು ತೂಗಿದರೆ 44. ಇಂಗಾಲ 12, ಆಮ್ಲಜನಕ ಎರಡು ಹದಿನಾರು. ಪ್ರೋಪೇನಿನ ಅಣುವನ್ನು ತೂಗಿದರೂ 44. ಇಂಗಾಲ ಮೂರು ಹನ್ನೆರಡು, ಜಲಜನಕ ಎಂಟು. ಗಾಳಿಯ ಸರಾಸರಿ ಕೇವಲ 29. ಎರಡು ಅನಿಲಗಳೂ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬ್ಯುಟೇನ್ ಎರಡು ಪಟ್ಟು ಭಾರ. ಹಗೇವಿನ ವಾಯು ಎಲ್ಲೆಲ್ಲಿ ಮಡುಗಟ್ಟುವುದೋ ಅಲ್ಲೆಲ್ಲ ಸೋರಿದ ಅಡಿಗೆ ಅನಿಲವೂ ಮಡುಗಟ್ಟುವುದು: ಬಚ್ಚಲಿನ ತೂಬಿನಲ್ಲಿ, ಚರಂಡಿಯಲ್ಲಿ, ನೆಲದೊಳಗಿನ ನೀರಿನ ಸಂಪಿನಲ್ಲಿ, ಮಲಗಿರುವವರ ಹಾಸಿಗೆಯ ಮಟ್ಟದಲ್ಲಿ. ಹಗೇವಿನಲ್ಲಿ ಜೀವ ಉಳಿಸುತ್ತಿದ್ದ ದೀಪ ಇಲ್ಲಿ ಮಾತ್ರ ಜೀವ ತೆಗೆಯುತ್ತದೆ.

ಇದು ಊಹೆಯ ಮಾತಲ್ಲ. 2024ರ ಡಿಸೆಂಬರಿನಲ್ಲಿ, ಇದೇ ಹೆದ್ದಾರಿಯಲ್ಲಿ ಉತ್ತರಕ್ಕಿರುವ ಹುಬ್ಬಳ್ಳಿಯಲ್ಲಿ, ಅಯ್ಯಪ್ಪ ವ್ರತದ ಮಾಲೆ ಧರಿಸಿದ್ದ ಒಂಬತ್ತು ಮಂದಿ ಒಂದು ಕೋಣೆಯಲ್ಲಿ ಮಲಗಿದ್ದರು. ರಾತ್ರಿ ಸಿಲಿಂಡರಿನಿಂದ ಸೋರಿದ ಅನಿಲಕ್ಕೆ ಬೆಂಕಿ ಹೊತ್ತಿಕೊಂಡಿತು. ಒಂಬತ್ತು ಮಂದಿಗೂ ಸುಟ್ಟ ಗಾಯಗಳಾದವು. ಅವರಲ್ಲಿ ಎಂಟು ಮಂದಿ ಆಸ್ಪತ್ರೆಯಲ್ಲಿ ತೀರಿಕೊಂಡರು.

ವಾಸನೆ ಎಚ್ಚರಿಸುವುದಿಲ್ಲವೆ ಎಂದು ಕೇಳಬಹುದು. ಪ್ರೋಪೇನ್, ಬ್ಯುಟೇನ್‌ಗಳಿಗೆ ಗುರುತು ಹಿಡಿಯುವಂಥ ವಾಸನೆಯಿಲ್ಲ. ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ದ್ರವ್ಯವನ್ನು ಅತ್ಯಲ್ಪವಾಗಿ ಬೆರೆಸಿ ಆ ದುರ್ಗಂಧವನ್ನು ಬೇಕೆಂದೇ ಉಂಟುಮಾಡುತ್ತಾರೆ. ಎಚ್ಚರವಿರುವವರಿಗೆ ಇದು ದೊಡ್ಡ ರಕ್ಷೆ. ಗಾಢನಿದ್ರೆಯಲ್ಲಿರುವವರ ಮೂಗು ಕೆಲಸಮಾಡದು. ಎಚ್ಚರವಿದ್ದರೂ ಹತ್ತು ನಿಮಿಷ ಅದೇ ವಾಸನೆಯಲ್ಲಿ ಕುಳಿತರೆ ಮೂಗು ಒಗ್ಗಿಕೊಳ್ಳುತ್ತದೆ. ಹಳೆಯ ಸಿಲಿಂಡರುಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಒಳಗೋಡೆಗೆ ತುಕ್ಕು ಹಿಡಿದಿದ್ದರೆ ಆ ತುಕ್ಕು ಮರ್ಕ್ಯಾಪ್ಟನ್ನನ್ನು ಮೆಲ್ಲಮೆಲ್ಲನೆ ಬೇರೆ ವಸ್ತುವಾಗಿ ಮಾರ್ಪಡಿಸಿ ವಾಸನೆಯನ್ನು ಕುಂದಿಸಬಹುದು. ಗುಜರಿ ಅಂಗಡಿಯ ಮಾಲೀಕರ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಮರ್ಕ್ಯಾಪ್ಟನ್ ಕುದಿಯುವುದು 35 ಡಿಗ್ರಿಯಲ್ಲಿ. ಆದ್ದರಿಂದ ಅದು ಹಿಂದುಳಿದು ಕೊನೆಯ ಉಳಿಕೆಯಲ್ಲಿ ಗಾಢವಾಗುತ್ತದೆ. ಆದರೆ ಆ ವಾಸನೆಯನ್ನು ಹೊತ್ತು ತರುವ ಅನಿಲ ಒಳಗಿದ್ದರೆ ತಾನೆ ಅದು ನಮ್ಮ ಮೂಗಿಗೆ ಮುಟ್ಟುವುದು? ವಾಸನೆ ಇದ್ದರೆ ಅನಿಲ ಉಂಟೆಂದು ತಿಳಿಯಬೇಕು. ವಾಸನೆ ಇಲ್ಲದಿದ್ದರೆ ಅನಿಲವಿಲ್ಲವೆಂದು ತಿಳಿಯಕೂಡದು. ತಕ್ಕಡಿಯೂ ಇಷ್ಟೇ. ಬರಿ ತೂಕಕ್ಕಿಂತ ಹೆಚ್ಚು ತೂಗಿದರೆ ಒಳಗೆ ದ್ರವವಿರುವುದು ಬಹುಮಟ್ಟಿಗೆ ನಿಶ್ಚಯ. ಸಮನಾಗಿ ತೂಗಿದರೆ ಅದು ಬರಿದೆಂದು ಹೇಳಲಾಗದು. ತುಕ್ಕು ತಿಂದು ಉಕ್ಕೇ ಹಗುರಾಗಿರಬಹುದು.

ಹಳೆಯ ಸಿಲಿಂಡರು ಸೋರುವುದು ಎಲ್ಲಿ? ಹೆಚ್ಚಿನವು ಬಾಯಿಯಲ್ಲಿಯೇ. ವಾಲ್ವಿನ ನಡುವೆ ಒಂದು ಸೂಜಿಯೂ ಅದನ್ನು ಮೇಲೆತ್ತುವ ಸ್ಪ್ರಿಂಗೂ ಇರುತ್ತವೆ. ರೆಗ್ಯುಲೇಟರು ಸೂಜಿಯನ್ನು ಒತ್ತಿದಾಗ ಮಾತ್ರ ದಾರಿ ತೆರೆಯಬೇಕು. ಅಲ್ಲಿಯೇ ಒಂದು ಚಿಕ್ಕ ರಬ್ಬರಿನ ಬಳೆ ಸಂದನ್ನು ಮುಚ್ಚುತ್ತದೆ. ವರುಷಗಳು ಕಳೆದಂತೆ ರಬ್ಬರು ಗಡುಸಾಗಿ ಬಿರಿಯುವುದು, ಮರಳಿನ ಕಣವೊಂದು ಸೂಜಿಯ ಪೀಠದಲ್ಲಿ ಸಿಕ್ಕಿಕೊಳ್ಳುವುದು, ಸ್ಪ್ರಿಂಗು ಸೋಲುವುದು ಇವೆಲ್ಲ ಸಾಮಾನ್ಯ. ಇನ್ನೊಂದು ಜಾಗ ಯಾರ ಕಣ್ಣಿಗೂ ಬೀಳದ ತಳ. ಒದ್ದೆ ನೆಲದ ಮೇಲೆ ವರುಷಗಟ್ಟಲೆ ನಿಂತ ಸಿಲಿಂಡರಿನ ಪಾದದ ಬಳೆಯೊಳಗೆ ತುಕ್ಕು ಗುಟ್ಟಾಗಿ ಕೆಲಸ ನಡೆಸುತ್ತದೆ. ಮೇಲಿನ ಹಿಡಿಯ ಕಂಬಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಎರಡಂಕಿಯ ವರ್ಷವೂ ಬರೆದಿರುವುದನ್ನು ವಾಚಕರು ತಮ್ಮ ಮನೆಯಲ್ಲಿಯೇ ನೋಡಬಹುದು. ‘ಎ’ ಎಂದರೆ ಮಾರ್ಚ್ ಕೊನೆ, ‘ಬಿ’ ಜೂನ್, ‘ಸಿ’ ಸೆಪ್ಟೆಂಬರ್, ‘ಡಿ’ ಡಿಸೆಂಬರ್. ಅಷ್ಟರೊಳಗೆ ಆ ಸಿಲಿಂಡರು ಮರುಪರೀಕ್ಷೆಗೆ ಒಳಗಾಗತಕ್ಕದ್ದು. ಅಟ್ಟದ ಮೇಲೆ ಮರೆತುಹೋದ ಸಿಲಿಂಡರಿಗೆ ಈ ಪರೀಕ್ಷೆಯನ್ನು ಯಾರು ಮಾಡಬೇಕು?

ಸೋರುವಿಕೆಯ ಶಂಕೆ ಬಂದಾಗ ಅದನ್ನು ಸಾಬೂನಿನ ನೀರಿನಿಂದ ಪರೀಕ್ಷಿಸಬೇಕು. ಗುಳ್ಳೆ ಎದ್ದ ಕಡೆ ತೂತು. ಕಡ್ಡಿ ಗೀರಿ ನೋಡುವ ಧೀರರು ಈಗಲೂ ಇದ್ದಾರೆಂದು ಕೇಳಿ ಬಲ್ಲೆವು. ವಾಸನೆ ದಟ್ಟವಾಗಿದ್ದರೆ ಸಾಬೂನನ್ನೂ ಹುಡುಕುತ್ತ ನಿಲ್ಲಬಾರದು. ಒಲೆ, ದೇವರ ದೀಪ, ಊದುಬತ್ತಿ ಎಲ್ಲವನ್ನೂ ಆರಿಸಿ ಬಾಗಿಲು ಕಿಟಕಿಗಳನ್ನು ತೆರೆಯಬೇಕು. ವಿದ್ಯುತ್ತಿನ ಗುಂಡಿಗಳನ್ನು ಮುಟ್ಟಕೂಡದು. ದೀಪ ಹಚ್ಚುವಾಗ ಮಾತ್ರವಲ್ಲ, ಆರಿಸುವಾಗಲೂ ಗುಂಡಿಯೊಳಗೆ ಕಿಡಿ ಹಾರುತ್ತದೆ. ರೆಗ್ಯುಲೇಟರನ್ನು ಮುಚ್ಚಿ ತೆಗೆದು, ಬಾಯಿಗೆ ಅದರ ಮುಚ್ಚಳವನ್ನು ಒತ್ತಿ ಹಾಕಬೇಕು. ಹೊಸ ಸಿಲಿಂಡರಿನೊಡನೆ ನೂಲಿಗೆ ಕಟ್ಟಿ ಬರುವ ಪುಟ್ಟ ಮುಚ್ಚಳ ಇದೇ. ನಮ್ಮಲ್ಲಿ ಬಹುಮಂದಿ ಅದನ್ನು ಮೊದಲ ದಿನವೇ ಕಿತ್ತೆಸೆಯುವರು. ಬಳಿಕ, ದಾರಿಯಲ್ಲಿ ಬೆಂಕಿಯಿಲ್ಲದಿದ್ದರೆ, ಸಿಲಿಂಡರನ್ನು ನೆಟ್ಟಗೆ ಹಿಡಿದು ಬಯಲಿಗೆ ಒಯ್ದು, ಚರಂಡಿ, ಬಾವಿ, ಸಂಪುಗಳಿಂದ ದೂರವಾಗಿ ನೆರಳಿನಲ್ಲಿ ನಿಲ್ಲಿಸಿ, ಮಕ್ಕಳನ್ನೂ ಬೀಡಿ ಸೇದುವವರನ್ನೂ ದೂರವಿಡಬೇಕು. ಗಾಳಿ ತನ್ನ ಕೆಲಸವನ್ನು ಮಾಡುತ್ತದೆ. ಬಯಲಿನಲ್ಲಿ ನಿಧಾನವಾಗಿ ಸೋರುವ ಅನಿಲ ಚದುರಿ ನಿರಪಾಯವಾಗುವುದು. ದೂರವಾಣಿಯನ್ನು ಹೊರಗೆ ಬಂದ ಮೇಲೆಯೇ ಕೈಗೆತ್ತಿಕೊಂಡು 1906 ಎಂಬ ಸಂಖ್ಯೆಗೆ ತಿಳಿಸಬೇಕು. ಅನಿಲ ಸೋರಿಕೆಗೆಂದೇ ದೇಶಾದ್ಯಂತ 2016ರ ಆರಂಭದಿಂದ ಹಗಲಿರುಳೂ ನಡೆದುಬಂದಿರುವ ಸಹಾಯವಾಣಿ ಅದು. ಅಗ್ನಿಶಾಮಕ ದಳಕ್ಕೆ 101.

ಬಾಯಿಯಲ್ಲಿ ಈಗಾಗಲೇ ಬೆಂಕಿ ಹತ್ತಿಕೊಂಡಿದ್ದರೆ? ಜನ ಗಾಬರಿಯಿಂದ ಮೊದಲು ಅದನ್ನು ಆರಿಸಲು ಓಡುತ್ತಾರೆ. ಆದರೆ ಉರಿಯುತ್ತಿರುವ ಸೋರಿಕೆಯಾದರೋ ಕಣ್ಣಿಗೆ ಕಾಣುತ್ತಿರುತ್ತದೆ. ಉರಿಯನ್ನು ಆರಿಸಿ ಅನಿಲವನ್ನು ನಿಲ್ಲಿಸದೆ ಹೋದರೆ ಅದೇ ಅನಿಲ ಕಾಣದೆ ಮನೆಯೆಲ್ಲ ಹರಡಿ ಒಮ್ಮೆಗೇ ಸಿಡಿಯುವುದು. ಅನಿಲದ ದಾರಿಯನ್ನು ಮುಚ್ಚುವಂತಿದ್ದರೆ ಮುಚ್ಚಬೇಕು. ಇಲ್ಲವಾದರೆ ಎಲ್ಲರೂ ಹೊರಟು, ಸಾಕಷ್ಟು ದೂರದಲ್ಲಿ ನಿಂತು ಅಗ್ನಿಶಾಮಕ ದಳದವರಿಗಾಗಿ ಕಾಯಬೇಕು. ಉರಿಯ ಶಾಖದಿಂದ ಸಿಲಿಂಡರಿನ ಗೋಡೆ ಮೆತ್ತಗಾಗದಂತೆ ದೂರದಿಂದ ನೀರು ಹಾಯಿಸಿ ತಣಿಸುವುದು ಅವರು ಬಲ್ಲ ಕೆಲಸ.

ಇನ್ನು ಗ್ಯಾಸ್ ಕಟ್ಟರಿನ ವಿಚಾರ. ಗುಜರಿ ಅಂಗಡಿಯಲ್ಲಿ ನಮಗೆ ಭಯ ಹುಟ್ಟಿಸಿದ್ದು ಇದೇ. ತುಂಬಿದ ಸಿಲಿಂಡರನ್ನು ಕೊಯ್ಯಲು ಯಾವ ಹುಚ್ಚನೂ ಹೋಗುವುದಿಲ್ಲ. ಬರಿದೆಂದು ನಂಬಿದ್ದನ್ನೇ ಕೊಯ್ಯುವುದು. ಈಗ ಲೆಕ್ಕ ನೋಡಿರಿ. ಶುದ್ಧ ಅನಿಲ ತನ್ನಷ್ಟಕ್ಕೆ ತಾನು ಉರಿಯದು. ಅದಕ್ಕೆ ಗಾಳಿ ಬೇಕು. ನೂರು ಪಾಲು ಮಿಶ್ರಣದಲ್ಲಿ ಅನಿಲ ಸುಮಾರು ಎರಡು ಪಾಲಿಗಿಂತ ಕಡಿಮೆಯಾದರೂ ಒಂಬತ್ತು ಪಾಲಿಗಿಂತ ಹೆಚ್ಚಾದರೂ ಉರಿ ಹರಡದು. ತುಂಬಿದ ಸಿಲಿಂಡರಿನೊಳಗೆ ಗಾಳಿಯೇ ಇಲ್ಲ. ಆದ್ದರಿಂದ ಅದು ಒಳಗಿನಿಂದ ಹೊತ್ತಿಕೊಳ್ಳುವಂತಿಲ್ಲ. ವಾಲ್ವನ್ನು ಕಿತ್ತು ನಾಲ್ಕು ದಿನ ಬಯಲಿನಲ್ಲಿಟ್ಟ ಸಿಲಿಂಡರಿನೊಳಗಾದರೋ ಗಾಳಿ ಸೇರಿಕೊಂಡಿರುತ್ತದೆ. ಅದರ 33 ಲೀಟರು ಅವಕಾಶವನ್ನು ಸಿಡಿಯುವ ಮಿಶ್ರಣವಾಗಿಸಲು ಬೇಕಾದ ಅನಿಲವೆಷ್ಟು? ಒಂದೂವರೆ ಗ್ರಾಮಿನಿಂದ ಆರು ಗ್ರಾಮಿನವರೆಗೆ. ಎಂದರೆ ಒಂದು ಚಮಚ ಸಕ್ಕರೆಯ ತೂಕ. ಅಷ್ಟು ಅನಿಲ ತಳದಲ್ಲಿ ಉಳಿದ ಎಣ್ಣೆಯಂಥ ಗಸಿಯಿಂದಲೇ ಹೊರಡಬಹುದು. ತಣ್ಣಗಿದ್ದಾಗ ಸುಮ್ಮನಿದ್ದ ಆ ಗಸಿ ಕಟ್ಟರಿನ ಶಾಖ ತಗುಲಿದೊಡನೆ ಆವಿಯಾಗುತ್ತದೆ. ಮಿಶ್ರಣ ಹೊತ್ತಿಕೊಂಡಾಗ ಒಳಗಿನ ಒತ್ತಡ ಕ್ಷಣಾರ್ಧದಲ್ಲಿ ಎಂಟು ಪಟ್ಟಿನಷ್ಟು ಏರಬಲ್ಲುದು. ಉರಿ ಕೊಯ್ದ ಸೀಳಿನಿಂದಲೇ ಹೊರನುಗ್ಗುವುದು. ಅದರ ಎದುರಿಗೆ ಬಾಗಿ ಕುಳಿತಿರುವುದು ಕೊಯ್ಯುವವನ ಮುಖ. ತುಕ್ಕು ತಿಂದ ತಳವಾದರೆ ಅದೇ ಕಿತ್ತುಹೋಗಬಹುದು. ಬರಿದಾಗುತ್ತ ಬಂದಂತೆ ಸಿಲಿಂಡರು ಕೊಯ್ಯುವವನಿಗೆ ಹೆಚ್ಚು ಅಪಾಯಕಾರಿಯಾಗುತ್ತದೆಂಬ ಈ ಮಾತು ವಿಚಿತ್ರವಾಗಿ ತೋರಿದರೂ ಲೆಕ್ಕಕ್ಕೆ ಸರಿಯಾಗಿದೆ.

ಮೊಳೆಯಿಂದ ಸೂಜಿಯನ್ನು ಒತ್ತಿ ಅನಿಲವನ್ನು ‘ಬಿಟ್ಟುಬಿಡುವ’ ಉಪಾಯವನ್ನೂ ಕೆಲವರು ಬಲ್ಲರು. ಒತ್ತಿದ ಸೂಜಿ ಮತ್ತೆ ಏಳದೆ ಸಿಕ್ಕಿಕೊಂಡರೆ ಮುಚ್ಚುವ ದಾರಿಯಿಲ್ಲ; ಹೊರಚಿಮ್ಮುವ ದ್ರವ ಕೈಗೆ ತಗುಲಿದರೆ ಚರ್ಮ ಹೆಪ್ಪುಗಟ್ಟಿ ಬಿಳಿಚುವುದು, ಅದು ಬೆಂಕಿಯ ಗಾಯದಷ್ಟೇ ಕ್ರೂರ. ಹೂಳುವುದು, ಬೆಂಕಿಗೆ ಹಾಕುವುದು, ರಾತ್ರಿ ಹೊತ್ತು ತುಂಗಭದ್ರೆಯ ಸೇತುವೆಯಿಂದ ಕೆಳಗೆ ಬಿಡುವುದು ಇವುಗಳಲ್ಲಿ ಯಾವುದೂ ವಿಲೇವಾರಿಯಲ್ಲ. ನಮ್ಮ ಅಪಾಯವನ್ನು ಮುಂದಿನವನ ಪಾಲಿಗೆ ಬರೆಯುವುದಷ್ಟೆ.

ಹಾಗಾದರೆ ಸರಿಯಾದ ವಿಲೇವಾರಿ ಯಾವುದು? ಮೊದಲನೆಯದಾಗಿ, ಮನೆಯಲ್ಲಿರುವ ಸಿಲಿಂಡರು ನಮ್ಮದಲ್ಲ. ನಾವು ಇಟ್ಟಿರುವುದು ಠೇವಣಿ. ಉಕ್ಕು ಎಣ್ಣೆ ಕಂಪನಿಯ ಸ್ವತ್ತು. ಅದನ್ನು ಗುಜರಿಗೆ ಮಾರುವ ಹಕ್ಕೂ ನಮಗಿಲ್ಲ, ಕೊಳ್ಳುವ ಹಕ್ಕೂ ಅವರಿಗಿಲ್ಲ. ಸಿಲಿಂಡರಿನ ಮೇಲೆ ಯಾವ ಕಂಪನಿಯ ಹೆಸರಿದೆಯೋ ಆ ಕಂಪನಿಯ ವಿತರಕರಿಗೆ ಹಿಂದಿರುಗಿಸಬೇಕು. ಅಲ್ಲಿಂದ ಅದು ಅನಿಲ ತುಂಬುವ ಘಟಕಕ್ಕೆ ಹೋಗುತ್ತದೆ. ಉಳಿದ ಅನಿಲವನ್ನು ತಕ್ಕ ಸಲಕರಣೆಗಳಿಂದ ಹೊರತೆಗೆದು, ನೀರು ತುಂಬಿ, ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಮ್ ಒತ್ತಡ ಹೇರಿ ಪರೀಕ್ಷಿಸುತ್ತಾರೆ. ಗಾಳಿಗೆ ಬದಲಾಗಿ ನೀರನ್ನು ತುಂಬುವುದರಲ್ಲಿ ಜಾಣತನವಿದೆ. ನೀರು ಬಹುಮಟ್ಟಿಗೆ ಕುಗ್ಗದ ವಸ್ತು. ಪಾತ್ರೆ ಬಿರಿದರೂ ಸ್ವಲ್ಪ ನೀರು ಚಿಮ್ಮಿ ನಿಲ್ಲುವುದಲ್ಲದೆ ಸ್ಫೋಟವಾಗದು.

ಪರೀಕ್ಷೆಯಲ್ಲಿ ಸೋತ ಸಿಲಿಂಡರಿನ ಗತಿಯನ್ನು 1884ರ ಸ್ಫೋಟಕಗಳ ಅಧಿನಿಯಮದ ಆಶ್ರಯದಲ್ಲಿ ಹೊರಟ 2016ರ ಅನಿಲ ಸಿಲಿಂಡರ್ ನಿಯಮಗಳು ನಿರ್ದಾಕ್ಷಿಣ್ಯವಾಗಿ ವಿಧಿಸಿವೆ. ಬರಿ ತೂಕದಲ್ಲಿ ನೂರಕ್ಕೆ 5 ಪಾಲಿಗಿಂತ ಹೆಚ್ಚು ನಷ್ಟವಾದ ಸಿಲಿಂಡರಿಗೂ ಇದೇ ಗತಿ. ನಮ್ಮ 15.9 ಕಿಲೋಗ್ರಾಮಿನ ಸಿಲಿಂಡರಿನಲ್ಲಿ ಇದು ಸುಮಾರು 800 ಗ್ರಾಮ್ ಉಕ್ಕು ತುಕ್ಕಾಗಿ ಉದುರಿದ್ದಕ್ಕೆ ಸಮ. ಅಂಥದನ್ನು ಇಡಿಯಾಗಿ ಚಪ್ಪಟೆ ಮಾಡಬೇಕು. ಇಲ್ಲವೆ, ಮತ್ತೆ ಬೆಸೆದು ಸಿಲಿಂಡರು ಮಾಡಲಾಗದಂತೆ ಚೂರುಚೂರಾಗಿ ಕೊಯ್ಯಬೇಕು. ಇಷ್ಟು ಕಟುವಾದ ವಿಧಿಯೇಕೆಂದರೆ, ನಮ್ಮ ಕುಶಲಕರ್ಮಿಗಳು ಎರಡು ಹೋಳನ್ನು ಒಂದು ಮಾಡಿ ಬಣ್ಣ ಬಳಿದು ಮಾರುಕಟ್ಟೆಗೆ ಬಿಡಬಲ್ಲಷ್ಟು ಚತುರರು. ಚತುರತೆಗೆ ನಾವು ತಲೆಬಾಗುತ್ತೇವೆ; ಆ ಸಿಲಿಂಡರು ನಮ್ಮ ಅಡಿಗೆಮನೆಗೆ ಬರುವುದು ಬೇಡ.

ಕಂಪನಿಯ ಹೆಸರೇ ಇಲ್ಲದ, ಸಂತೆಯಲ್ಲಿ ಕೊಂಡ ಚಿಕ್ಕ ಸಿಲಿಂಡರುಗಳದು ಬೇರೊಂದು ಕಷ್ಟ. ಕೂಲಿಗೆಂದು ಊರೂರು ತಿರುಗುವವರು, ಕೋಣೆ ಹಿಡಿದು ಓದುವ ವಿದ್ಯಾರ್ಥಿಗಳು ಇವನ್ನು ಬಳಸುತ್ತಾರೆ. ದೊಡ್ಡ ಸಿಲಿಂಡರಿನಿಂದ ಇವಕ್ಕೆ ಅನಿಲವನ್ನು ತುಂಬಿಕೊಡುವ ಕಳ್ಳವ್ಯಾಪಾರದಲ್ಲಿ, ಐದರಲ್ಲೊಂದು ಪಾಲು ಬರಿದಾಗಿ ಬಿಡಬೇಕೆಂಬ ನಿಯಮವನ್ನು ತೂಗಿ ನೋಡುವವರು ಯಾರು? ಇವು ಸೋರತೊಡಗಿದಾಗ ಹಿಂದಕ್ಕೆ ಕೊಡಲು ಒಡೆಯನೇ ಇಲ್ಲ. ಬಯಲಿನಲ್ಲಿ ನಿಲ್ಲಿಸಿ ಅಗ್ನಿಶಾಮಕ ಠಾಣೆಗೆ ತಿಳಿಸುವುದೇ ಸದ್ಯಕ್ಕೆ ತೋರುವ ದಾರಿ. ನಗರಸಭೆಗಳು ಒಡೆದ ಗಾಜನ್ನೂ ಹಳೆಯ ಬ್ಯಾಟರಿಗಳನ್ನೂ ಬೇರೆಯಾಗಿ ಕೇಳುವ ಈ ಕಾಲದಲ್ಲಿ, ಇಂಥ ಸಿಲಿಂಡರುಗಳನ್ನೂ ವರುಷಕ್ಕೆರಡು ಬಾರಿ ಗೊತ್ತಾದ ಬಯಲಿನಲ್ಲಿ, ತಿಳಿದವರ ಕೈಯಿಂದ, ಪ್ರಶ್ನೆ ಕೇಳದೆ ಸ್ವೀಕರಿಸುವ ಏರ್ಪಾಡು ಆಗಬೇಕೆಂದು ನಮ್ಮ ಅಭಿಪ್ರಾಯ. ದಂಡದ ಭಯವಿದ್ದಷ್ಟು ಕಾಲ ಅವು ಅಟ್ಟವನ್ನು ಬಿಟ್ಟು ಇಳಿಯುವುದಿಲ್ಲ.

ನಾವು ತೂಗಿದ ಸಿಲಿಂಡರಿಗೆ ಒಡೆಯನಿದ್ದ. ಹೆಸರು ಮಾಸಿದ್ದರೂ ಓದುವಂತಿತ್ತು. ವಿತರಕರಿಗೆ ಸುದ್ದಿ ಮುಟ್ಟಿಸಿದೆವು. ಮೊದಲು, ಚೀಟಿಯಿಲ್ಲದ ಸಿಲಿಂಡರನ್ನು ತಾವೇಕೆ ಪಡೆಯಬೇಕೆಂಬ ಚರ್ಚೆ ಸ್ವಲ್ಪ ಹೊತ್ತು ನಡೆಯಿತು. ಸೋರುತ್ತಿದೆ ಎಂದೊಡನೆ ಚರ್ಚೆ ನಿಂತಿತು. ಮಧ್ಯಾಹ್ನ ತೆರೆದ ಗಾಡಿಯೊಂದರಲ್ಲಿ ಬಂದ ಯುವಕ ಬಾಯಿಗೆ ಸಾಬೂನಿನ ನೊರೆ ಹಚ್ಚಿದ. ಗುಳ್ಳೆಗಳು ಒಂದರ ಹಿಂದೊಂದು ಎದ್ದುವು. ಅವನು ಜೇಬಿನಿಂದ ಮುಚ್ಚಳವೊಂದನ್ನು ತೆಗೆದು ಒತ್ತಿ ಕೂರಿಸಿ, ಮತ್ತೆ ನೊರೆ ಹಚ್ಚಿ ನೋಡಿ, ಸಿಲಿಂಡರನ್ನು ಗಾಡಿಯ ಕಂಬಿಗೆ ನೆಟ್ಟಗೆ ಕಟ್ಟಿಕೊಂಡು ಹೊರಟ. ಅಂಗಡಿಯ ಮಾಲೀಕರು ತಾವು ಕೊಟ್ಟ ಹಣ ಹೋಯಿತೆಂದು ಸ್ವಲ್ಪ ಗೊಣಗಿದರು. ಚಹಾ ಕುಡಿಯುತ್ತಿದ್ದ ಹುಡುಗ ಕೂರಲು ಬೇರೆ ಜಾಗ ಹುಡುಕುತ್ತಿದ್ದ.